ಬಾಗಿಲು ಮುಚ್ಚುವವರು

ಕಾಲೇಜು ಮುಗಿದಂದಿನಿಂದ ಭಾನುವಾರ ತಪ್ಪದೆ ಆಡಿಕೊಂಡು ಬಂದ ಆಟ ಇಂದು ಮುಗಿಯಬೇಕಿತ್ತು. ಜಯನಗರದ ತನ್ನ ಮನೆಯ ಊಟದ ಮೇಜಿನ ಮುಂದೆ ಕೂತು ಶ್ರೀಕರ್ ಕಥೆ ನಡೆಸುತ್ತಿದ್ದ. ಉಳಿದ ಮೂವರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಅದರೊಳಗೆ ಬದುಕುತ್ತಿದ್ದರು. ರೇವಂತನ ಯೋಧ ಈಗ ಬೆಟ್ಟ ಸೀಳಬಲ್ಲವನು. ದಿವ್ಯಳ ಮಾಂತ್ರಿಕಿ ಕಾಲವನ್ನೇ ನಿಲ್ಲಿಸಬಲ್ಲಳು. ಇಂಚರಳ ವೈದ್ಯೆ ಮಾತ್ರ ಇಷ್ಟು ವರ್ಷವೂ ಅವರಿಬ್ಬರ ಗಾಯಕ್ಕೆ ಪಟ್ಟಿ ಕಟ್ಟುತ್ತ, ಅವರಲ್ಲಿ ಉಳಿದ ಪ್ರಾಣದ ಲೆಕ್ಕ ಇಡುತ್ತಲೇ ಬಂದಿದ್ದಳು.

"ಪಾತಾಳದ ಬಾಗಿಲು ತೆರೆದುಕೊಂಡಿದೆ, ಅದನ್ನ ಒಳಗಡೆಯಿಂದಲೇ ಮುಚ್ಚಬೇಕು," ಎಂದ ಶ್ರೀಕರ್. "ಮುಚ್ಚಿದವರು ವಾಪಸ್ ಬರಲ್ಲ. ಯಾರು ಹೋಗ್ತೀರಾ?"

ಇಬ್ಬರೂ ಇಂಚರಳ ಕಡೆ ತಿರುಗಿದರು.

"ನೀನೇ ಕಣೇ, ಸಖತ್ತಾಗಿರುತ್ತೆ," ಎಂದಳು ದಿವ್ಯ.

"ನಾವು ಹೊರಗಡೆ ನಿಂಗೊಂದು ಗುಡಿ ಕಟ್ಟಿಸ್ತೀವಿ ಬಿಡು," ಎಂದು ರೇವಂತ ನಕ್ಕ.

ಬರೀ ಆಟವೆಂದು ಗೊತ್ತಿದ್ದರೂ ಇಂಚರಳಿಗೆ ಆ ಕತ್ತಲೆ, ಬೆನ್ನ ಹಿಂದೆ ಮುಚ್ಚುವ ಕದ, ಆಚೆ ದೂರವಾಗುವ ಇವರ ನಗು ಎಲ್ಲವೂ ನಿಜವೆನಿಸಿ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಸಿದ್ದು, 'ಹೂಂ' ಎನ್ನಲು ಆಗಲೇ ತೆರೆದಿದ್ದ ತನ್ನ ಬಾಯಿ.

"ನಾನು ಹೋಗಲ್ಲ," ಎಂದಳು.

ರೇವಂತನ ನಗು ನಿಂತಿತು. ಶ್ರೀಕರ್ ತಡವರಿಸಿದ. "ಅಲ್ಲ ಇಂಚರಾ, ನೀನು ಹೋಗ್ತೀಯ ಅಂತಾನೇ ನಾನು ಕಥೆಯ ಕೊನೇನ ಹೀಗೆ ಹೆಣೆದಿದ್ದು."

"ಗೊತ್ತು." ಅವಳು ದಾಳವನ್ನು ಕೈಗೆತ್ತಿಕೊಂಡಳು. "ಬಾಗಿಲು ತೆಗೆದೇ ಇದೆಯಲ್ಲ, ಒಳಗಿಂದ ಏನು ಬರ್ತಿದೆ ಹೇಳು, ಮೂವರೂ ಸೇರಿ ಎದುರಿಸ್ತೀವಿ."

ದಿವ್ಯ ಮೆಲ್ಲಗೆ ತನ್ನ ಪಾತ್ರದ ವಿವರ ಬರೆದಿದ್ದ ಹಾಳೆಯನ್ನು ಎಳೆದುಕೊಂಡು, ತನ್ನ ಮಾಂತ್ರಿಕಿಯಲ್ಲಿ ಎಷ್ಟು ಪ್ರಾಣ ಉಳಿದಿದೆಯೆಂದು ಮೊದಲ ಸಲ ತಾನೇ ನೋಡಿಕೊಂಡಳು.