ಅಳಿಸದೆ ಉಳಿದ ಐವತ್ತು ಮತ

ಭಾಲ್ಕಿಯಲ್ಲಿ ಗಣಿತ ಹೇಳುವ ದಾನಮ್ಮ ಟೀಚರಿಗೆ ಆ ಸಲ ಔರಾದ ತಾಲ್ಲೂಕಿನ ಒಂದು ಹಳ್ಳಿಯ ಮತಗಟ್ಟೆಯ ಹೊಣೆ ಬಿದ್ದಿತ್ತು. ಬೆಳಿಗ್ಗೆ ಜನ ಬರುವ ಮುಂಚೆ, ಪಕ್ಷಗಳ ಏಜೆಂಟರ ಎದುರು ಐವತ್ತು ಅಣಕು ಮತ ಹಾಕಿ ಯಂತ್ರ ಸರಿಯಿದೆ ಎಂದು ತೋರಿಸಬೇಕು. ಆಮೇಲೆ ಗುಂಡಿ ಒತ್ತಿ ಆ ಐವತ್ತನ್ನೂ ಅಳಿಸಬೇಕು. ತರಬೇತಿಯಲ್ಲಿ ಇದನ್ನು ತಲೆ ಚಿಟ್ಟು ಹಿಡಿಯುವಷ್ಟು ಸಲ ಹೇಳಿದ್ದರು.

ಏಜೆಂಟರಲ್ಲಿ ದಿಲೀಪ ಎಂಬ ಆ ಊರಿನವನು ಮಹಾ ಅನುಮಾನದ ಮನುಷ್ಯ. ಒಳಗೆ ಯಾರು ಏನು ತುಂಬಿ ಕಳಿಸಿದ್ದಾರೋ, ಯಂತ್ರದ ಲೆಕ್ಕವನ್ನು ಯಂತ್ರದ ಬಾಯಿಂದಲೇ ಕೇಳಿ ನಂಬುವುದು ಹೇಗೆ ಎಂದು ಹಟ ಹಿಡಿದ. ಮಾತು ತೀರಾ ತಪ್ಪೂ ಅಲ್ಲ. ದಾನಮ್ಮ ಯಂತ್ರವನ್ನು ಬಿಟ್ಟು, ಮತಕ್ಕೊಂದರಂತೆ ಪಕ್ಕದ ಪೆಟ್ಟಿಗೆಗೆ ಬಿದ್ದ ಕಾಗದದ ಚೀಟಿಗಳನ್ನೇ ಟೇಬಲ್ಲಿನ ಮೇಲೆ ಸುರಿದು ಎಣಿಸಿದಳು. ಇನ್ನೊಮ್ಮೆ ಅಂದ, ಇನ್ನೊಮ್ಮೆ ಎಣಿಸಿದಳು. ಐವತ್ತಕ್ಕೆ ಐವತ್ತು ಸರಿ. ಅಷ್ಟರಲ್ಲಿ ಏಳು ಹೊಡೆದು, ಹೊರಗೆ ಸಾಲು ಬೆಳೆದಿತ್ತು. ಕುರಿಹಿಂಡು ಬಿಟ್ಟು ದೂರದಿಂದ ನಡೆದು ಬಂದವರೂ ಇದ್ದರು. ಚೀಟಿಗಳನ್ನು ಲಕೋಟೆಗೆ ಹಾಕಿ ಮತದಾನ ಶುರು ಮಾಡಿಸಿದಳು. ಅಳಿಸುವುದು ಮರೆತೇಹೋಯಿತು.

ಸಂಜೆ ರಿಜಿಸ್ಟರಿನಲ್ಲಿ ಆರುನೂರ ಮೂವತ್ತಮೂರು, ಯಂತ್ರದಲ್ಲಿ ಆರುನೂರ ಎಂಬತ್ತಮೂರು. ನೋಡಿದ ಕೂಡಲೇ ತಿಳಿಯಿತು. ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ತಪ್ಪು ತನ್ನದು, ಹೋಗುವುದು ಊರಿನ ಮತ. ಇದ್ದದ್ದನ್ನು ಇದ್ದಂತೆ ಬರೆದು ಸಹಿ ಹಾಕಿದಳು.

ಎಣಿಕೆಯ ದಿನ ಅವಳನ್ನು ಬೀದರಿಗೆ ಕರೆಸಿದರು. ಗೆಲುವಿನ ಅಂತರ ಒಂಬತ್ತು ಸಾವಿರ. ಈ ಒಂದು ಮತಗಟ್ಟೆಯಿಂದ ಫಲಿತಾಂಶ ಬದಲಾಗುವುದಿಲ್ಲವೆಂದು, ನಿಯಮದಂತೆ, ಯಂತ್ರವನ್ನು ಬದಿಗಿಟ್ಟರು. ಪೆಟ್ಟಿಗೆಯಲ್ಲಿ ಸರಿಯಾಗಿಯೇ ಇದ್ದ ಆರುನೂರ ಮೂವತ್ತಮೂರು ಚೀಟಿಗಳನ್ನೂ ಎಣಿಸಲಿಲ್ಲ. ಗೆದ್ದವರು ಗುಲಾಲು ಎರಚುತ್ತಿದ್ದರು, ಸೋತವರು ಆಗಲೇ ಎದ್ದು ಹೋಗಿದ್ದರು. ಅವಳ ಕೈಗೆ ಒಂದು ನೋಟಿಸು ಕೊಟ್ಟರು. ಓದದೆ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಗೇಟಿನ ಹತ್ತಿರ ದಿಲೀಪ ಕಾಯುತ್ತಿದ್ದ.

“ಯಾರೋ ಹ್ಯಾಕ್ ಮಾಡ್ಯಾರ, ಹೌದಲ್ರಿ ಮೇಡಂ?”

ಹ್ಞೂಂ ಅಂದಿದ್ದರೆ ಊರಿನವರ ಕಣ್ಣಲ್ಲಾದರೂ ಅವಳು ಪಾರಾಗುತ್ತಿದ್ದಳು.

“ಮಷೀನ್ ಸರಿ ಅದರಿ. ಮುಂಜಾನಿ ಹಾಕಿದ್ದು ನಾನೇ ಅಳಸ್ಲಿಲ್ಲ.”

ಬೈಯುತ್ತಾನೆ ಅಂದುಕೊಂಡಳು. ಬೈದಿದ್ದರೆ ಒಳ್ಳೆಯದಿತ್ತು.

“ಕದ್ದಾರ ಅಂದ್ರ ಊರಾಗ ಗದ್ದಲ ಮಾಡ್ತಿದ್ವಿರಿ,” ಎಂದ. “ನಮ್ಮ ಓಟು ಬ್ಯಾಡಾಗಿದ್ವು ಅಂತ ಎಣಿಸ್ಲಿಲ್ಲ ಅಂತ, ಮಂದಿಗಿ ಹ್ಯಾಂಗ ಹೇಳ್ಲಿರಿ?”