ಸಂಜೆ ಆರರ ರೀಡಿಂಗ್

ಮಗಳು ಮಂಚದ ಪಕ್ಕ ಮೊಣಕಾಲೂರಿ, ಕೆಳಗಿದ್ದ ಪೆಡಲ್ ಯಂತ್ರವನ್ನು ಹೊರಗೆಳೆದಳು. ಸೈಕಲ್ಲಿನ ಚಕ್ರ, ಸೀಟು, ಹ್ಯಾಂಡಲ್ ಎಲ್ಲ ಕಿತ್ತುಹಾಕಿ ಬರೀ ಪೆಡಲ್ ಉಳಿಸಿದಂಥ ವಸ್ತು. ಕುರ್ಚಿಯಲ್ಲಿ ಕುಳಿತೇ ತುಳಿಯಬಹುದು. ನಾಲ್ಕು ತಿಂಗಳ ಹಿಂದೆ ಅಪ್ಪನ ಕಾಲು ಮುರಿದು ಆಪರೇಷನ್ ಆದಾಗ ಅವಳೇ ತಂದುಕೊಟ್ಟದ್ದು. ಈಗ ಅಪ್ಪ ಪಕ್ಕದ ಹಾಲಿನಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದ. ಶವವಾಹನ ಹನ್ನೊಂದಕ್ಕೆ ಬರುವುದಿತ್ತು.

ಅವಳು ಯಂತ್ರ ಹುಡುಕಲು ಕಾರಣ ಅತ್ತಿಗೆಯ ಒಂದು ಮಾತು. ಮೊನ್ನೆ ಸಂಜೆವರೆಗೂ ತಪ್ಪದೆ ತುಳಿದರು ಪಾಪ ಎಂದು ಅತ್ತಿಗೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ನಾದಿನಿಯನ್ನು ಕಂಡವಳೇ ಕಣ್ಣು ತಪ್ಪಿಸಿದಳು. ಔಷಧಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಮಾತ್ರೆಗಳ ತಪಾಸಣೆ ಮಾಡುವ ಹೆಂಗಸಿಗೆ ಅಷ್ಟು ಸಾಕು.

ಪೆಡಲಿನ ಪಟ್ಟಿ ಕೊನೆಯ ತೂತಿನಲ್ಲಿತ್ತು. ಅಪ್ಪನದು ಸಣ್ಣ ಪಾದ. ಎರಡನೆಯ ತೂತಿಗೆ ಅವಳೇ ಕೈಯಾರೆ ಸಿಕ್ಕಿಸಿ ಹೋಗಿದ್ದಳು. ಕೊನೆಯ ತೂತು ಬೇಕಾದರೆ ಕಾಲು ದೋಣಿಯಷ್ಟಿರಬೇಕು. ಈ ಮನೆಯಲ್ಲಿ ಅಂಥ ಕಾಲಿರುವುದು ಅಣ್ಣನಿಗೆ.

ಅವಳು ಬಾಗಿಲು ಮುಂದಕ್ಕೆ ಮಾಡಿ ಫೋನ್ ತೆಗೆದಳು. ಅತ್ತಿಗೆ ದಿನಾ ಸಂಜೆ ಕಳಿಸುತ್ತಿದ್ದ, ಯಂತ್ರದ ಪುಟ್ಟ ಪರದೆಯ ಫೋಟೊಗಳೆಲ್ಲ ಅದರಲ್ಲಿದ್ದವು. ಮೊದಲ ಎರಡು ತಿಂಗಳು ನೂರ ಎಂಬತ್ತೇಳು ಸುತ್ತು, ಇನ್ನೂರ ನಲವತ್ತು, ತೊಂಬತ್ತಾರು, ಒಮ್ಮೆ ಬರೀ ಮೂವತ್ತು. ಆಮೇಲೆ ಮುನ್ನೂರು. ಮುನ್ನೂರ ಒಂದು. ಮುನ್ನೂರು. ಮುನ್ನೂರ ಎರಡು. ಮೊನ್ನೆಯವರೆಗೂ ಅದೇ ಮುನ್ನೂರು.

ಕಾಲು ಆಡದಿದ್ದರೆ ರಕ್ತ ಹೆಪ್ಪುಗಟ್ಟುತ್ತದೆ, ಅದು ಮೇಲಕ್ಕೇರಿದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಆಪರೇಷನ್ ದಿನವೇ ಹೇಳಿದ್ದರು. ನಿನ್ನೆ ಬೆಳಗ್ಗೆ ಅಪ್ಪ ಹಾಸಿಗೆಯಲ್ಲೇ ತೀರಿಕೊಂಡಿದ್ದ. ಅಣ್ಣ ತುಳಿದ, ಅತ್ತಿಗೆ ಫೋಟೊ ತೆಗೆದಳು, ಅಪ್ಪ ಮಲಗಿದಲ್ಲೇ ಇದ್ದ. ಗಾಡಿ ಹೊರಟುಬಿಟ್ಟರೆ ಆಮೇಲೆ ಯಾವ ಡಾಕ್ಟರಿಗೂ ಏನೂ ಹೇಳಲಾಗುವುದಿಲ್ಲ.

*

ಅಪ್ಪ ಮೂವತ್ತಾರು ವರ್ಷ ಮನೆಮನೆಯ ಕರೆಂಟ್ ಮೀಟರ್ ಓದಿದವನು. ಅವನ ಮುಂದೆ ಯಾರ ಬೇಳೆಯೂ ಬೇಯುತ್ತಿರಲಿಲ್ಲ. ಗಾಜಿನ ಮೇಲಿನ ಗೀರು, ಮುದ್ರೆಯ ತಂತಿಯ ತಿರುವು, ಬಾಗಿಲು ತೆರೆಯುವವರು ಕೇಳದೆಯೇ ನೀರು ಕೊಡುವ ರೀತಿ, ಎಲ್ಲವೂ ಅವನಿಗೆ ಕರೆಂಟ್ ಕಳವಿನ ಸಾಕ್ಷಿ. ಮಗಳಿಗೆ ಒಂಬತ್ತು ವರ್ಷವಿದ್ದಾಗ ರಜೆಯಲ್ಲಿ ಜೊತೆಗೆ ಕರೆದೊಯ್ಯುತ್ತಿದ್ದ. ಒಮ್ಮೆ ರೀಡಿಂಗ್ ಪುಸ್ತಕದಲ್ಲಿ ಒಂದು ಮನೆಯ ಹಳೆಯ ಅಂಕಿಗಳ ಮೇಲೆ ಬೆರಳಿಟ್ಟು ಕೇಳಿದ್ದ:

"ಇದರಲ್ಲಿ ಏನು ತಪ್ಪಿದೆ ಹೇಳು."

ಅವಳಿಗೆ ತಿಳಿಯಲಿಲ್ಲ.

"ಪ್ರತಿ ತಿಂಗಳೂ ಒಂದೇ ಥರ ಇದೆ, ನೋಡು. ನಿಜವಾಗ್ಲೂ ಮನುಷ್ಯರು ಇರೋ ಮನೇಲಿ ಹಾಗಾಗಲ್ಲ. ಒಂದಿನ ಜ್ವರ ಬರುತ್ತೆ, ಒಂದಿನ ನೆಂಟರು ಬರ್ತಾರೆ, ಒಂದಿನ ಜಗಳ ಆಡಿ ಬೇಗ ಮಲಗ್ತಾರೆ."

ಬಾಯಲ್ಲಿ ಹೇಳಿದ್ದು ರೀಡಿಂಗ್ ಅಲ್ಲ, ಕಣ್ಣಲ್ಲಿ ನೋಡಿದ್ದೇ ರೀಡಿಂಗ್ ಎಂಬುದು ಅವನ ಇನ್ನೊಂದು ಪಾಠ. ಹೆಂಡತಿ ಬೇಗ ಹೋದ ಮೇಲೆ ಮಕ್ಕಳನ್ನು ಸಾಕಿದ್ದೂ ಇದೇ ಧಾಟಿಯಲ್ಲಿ. ಹಲ್ಲುಜ್ಜಿದೆ ಎಂದರೆ ಬ್ರಷ್ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದ. ಮಗ ಹೇಗೋ ತಪ್ಪಿಸಿಕೊಂಡ. ಮಗಳು ಪಾಠ ಪೂರ್ತಿ ಕಲಿತಳು. ಹಾಗಾಗಿಯೇ ಯಂತ್ರ ತಂದುಕೊಟ್ಟ ಮೇಲೆ, ನಾಲ್ಕು ಗಂಟೆ ದಾರಿಯ ತನ್ನ ಊರಿನಿಂದ ದಿನಾ ಸಂಜೆ ಆರಕ್ಕೆ ಫೋನ್ ಮಾಡುವಳು. ಇವತ್ತೆಷ್ಟಪ್ಪಾ ಎನ್ನುವಳು. ಅವನು ಹೇಳಿದ ಮೇಲೂ ಫೋಟೊ ಬರಲೇಬೇಕು.

*

ಅತ್ತಿಗೆ ಅಡುಗೆಮನೆಯಲ್ಲಿ ಬಂದವರಿಗೆ ಕಾಫಿ ಲೋಟ ಜೋಡಿಸುತ್ತಿದ್ದಳು. ಮಗಳು ಫೋನನ್ನು ಲೋಟಗಳ ನಡುವೆ ಇಟ್ಟಳು.

"ಇದನ್ನ ಯಾರು ತುಳಿದಿದ್ದು ಅತ್ತಿಗೆ?"

ಅತ್ತಿಗೆ ಫೋಟೊ ನೋಡಿದಳು. ಮುಖದ ಬಣ್ಣ ಇಳಿಯಿತು. ಈಗ್ಯಾಕೆ ಇದೆಲ್ಲ, ಕಾರ್ಯ ಮುಗಿಯಲಿ, ನಾಳೆ ಕೂತು ಮಾತಾಡೋಣ ಎಂದಳು. ಕದ್ದವರು ಯಾವಾಗಲೂ ನಾಳೆ ಎನ್ನುತ್ತಾರೆಂದು ಅಪ್ಪ ಹೇಳುತ್ತಿದ್ದುದು ಮಗಳಿಗೆ ನೆನಪಾಯಿತು. ಅವಳು ನೇರ ಹಾಲಿಗೆ ಹೋದಳು.

ಅಣ್ಣ ಬಾಗಿಲ ಬಳಿ ನಿಂತು ವಾಹನದವನಿಗೆ ದಾರಿ ಹೇಳುತ್ತಿದ್ದ. ಗಾಡಿ ಬೇಡ ಅನ್ನು, ಇನ್ನೊಬ್ಬ ಡಾಕ್ಟರು ಬಂದು ನೋಡಲಿ ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. ಹಾಲಿನಲ್ಲಿದ್ದ ಇಪ್ಪತ್ತು ಜನ ಅವಳತ್ತ ತಿರುಗಿದರು. ದೊಡ್ಡಮ್ಮನೊಬ್ಬಳು, ದುಃಖದಲ್ಲಿ ಏನೋ ಅಂತಿದೆ ಹುಡುಗಿ ಎಂದು ಸೆರಗು ಹಿಡಿದು ಕೂರಿಸಲು ನೋಡಿದಳು. ಅಣ್ಣ ಫೋನ್ ಕಿವಿಯಲ್ಲೇ ಇಟ್ಟುಕೊಂಡು ಪೆಚ್ಚಾಗಿ ನಿಂತ. ಅವನ ಪೆಚ್ಚೂ ಅವಳಿಗೆ ನಾಟಕವಾಗಿಯೇ ಕಂಡಿತು.

"ಅಪ್ಪನ ಬದಲು ನೀನು ತುಳಿದೆಯಲ್ವಾ? ನಿಜ ಹೇಳು."

"ನಾನಾ? ಸಂಜೆ ಆರಕ್ಕೆ ನಾನು ಮನೇಲಿದ್ದೆನಾ ಯಾವತ್ತಾದ್ರೂ?"

ಆಗ ಮೂಲೆಯ ಕುರ್ಚಿಯಿಂದ ಏಣಿ ಎದ್ದ. ಅಪ್ಪನ ಜೊತೆ ಮೀಟರ್ ಓದುತ್ತಿದ್ದ ಹಳೆಯ ಗೆಳೆಯ, ಮಕ್ಕಳ ಬಾಯಲ್ಲಿ ಚಿಕ್ಕಪ್ಪ. ಎತ್ತರದ ಮೀಟರನ್ನೂ ಏಣಿಯಿಲ್ಲದೆ ಓದುತ್ತಿದ್ದನೆಂದು ಆಫೀಸಿನಲ್ಲೇ ಇಟ್ಟ ಹೆಸರು. ಅವನು ಅವಳ ತೋಳು ಹಿಡಿದು ಅಪ್ಪನ ಕೋಣೆಗೆ ಕರೆದೊಯ್ದ. ಕುರ್ಚಿಯಲ್ಲಿ ಕುಳಿತು, ಚಪ್ಪಲಿ ಬಿಟ್ಟು, ಪೆಡಲಿನ ಪಟ್ಟಿಯೊಳಗೆ ಪಾದ ತೂರಿಸಿದ. ಕೊನೆಯ ತೂತಿನ ಪಟ್ಟಿಗೆ ಅದು ಸರಿಯಾಗಿ ಕೂತಿತು.

"ನೀವಾ ಚಿಕ್ಕಪ್ಪ?"

"ದಿನಾ ಐದು ಗಂಟೆಗೆ ಬರ್ತಿದ್ದೆ. ಅವನು ಪೇಪರ್ ಓದೋನು, ನಾನು ತುಳಿಯೋನು. ಒಂದೇ ಥರ ತುಳೀಬೇಡ್ವೋ, ಹೆಚ್ಚುಕಮ್ಮಿ ಮಾಡು, ನನ್ನ ಮಗಳು ಹಿಡಿದುಬಿಡ್ತಾಳೆ ಅಂತ ಬಡ್ಕೊಳ್ಳೋನು. ನಂಗೆಲ್ಲಿ ಆ ಬುದ್ಧಿ? ಮುನ್ನೂರಾದ ತಕ್ಷಣ ಕಾಲು ತಾನೇ ನಿಂತುಬಿಡೋದು."

ಅತ್ತಿಗೆ ಹಿಂದೆಯೇ ಬಂದು ಬೀರುವಿನಿಂದ ಒಂದು ಚೀಟಿ ತೆಗೆದು ಕೊಟ್ಟಳು. ಎರಡು ತಿಂಗಳ ಹಿಂದಿನದು. ಹೃದಯ ತೀರಾ ದುರ್ಬಲವಾಗಿದೆ, ಪೆಡಲ್ ಕೂಡಲೇ ನಿಲ್ಲಿಸುವುದು, ಕಾಲುಗಳನ್ನು ಬೇರೆಯವರು ಮೆಲ್ಲಗೆ ಆಡಿಸುವುದು ಎಂದು ಡಾಕ್ಟರು ಬರೆದಿದ್ದರು. ದಿನಕ್ಕೆರಡು ಸಲ ಎಣ್ಣೆ ಹಚ್ಚಿ ಆಡಿಸುತ್ತಿದ್ದವಳು ತಾನೇ ಎಂಬುದನ್ನು ಅತ್ತಿಗೆ ಹೇಳಲಿಲ್ಲ, ಏಣಿ ಹೇಳಿದ.

"ನಂಗೆ ಯಾಕೆ ಯಾರೂ ಹೇಳ್ಲಿಲ್ಲ?" ಎಂದಳು ಮಗಳು. ಅವಳಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಚೀಟಿಯ ತಾರೀಕನ್ನು ಎರಡು ಸಲ ನೋಡಿದಳು.

ಅತ್ತಿಗೆ ಏಣಿಯ ಮುಖ ನೋಡಿದಳು. ಅವನು ಪಟ್ಟಿಯಿಂದ ಪಾದ ಬಿಡಿಸಿಕೊಳ್ಳುತ್ತ ತಲೆ ಬಗ್ಗಿಸಿಯೇ ಹೇಳಿದ.

"ಹೇಳಬೇಡಿ ಅಂತ ನಮ್ಮಿಬ್ಬರ ಕೈಲೂ ಆಣೆ ಮಾಡಿಸಿದ್ದ. ಮುಂಚೆ ಮಗಳು ತಿಂಗಳಿಗೊಂದು ಸಲ ಫೋನ್ ಮಾಡೋಳು, ಈ ಮೆಷಿನ್ ಬಂದ ಮೇಲೆ ದಿನಾ ಮಾಡ್ತಾಳೆ, ರೀಡಿಂಗ್ ನಿಂತ್ರೆ ಫೋನೂ ನಿಂತುಹೋಗುತ್ತೆ ಅಂದ. ಜೀವಮಾನದಲ್ಲಿ ಯಾರಿಗೂ ಮೀಟರ್‌ಗೆ ಕೈ ಹಾಕೋಕೆ ಬಿಟ್ಟೋನಲ್ಲ, ನಿಂಗೇ ಗೊತ್ತಲ್ಲ."

ಮಗಳು ಮಂಚದ ಮೇಲೆ ಕುಳಿತಳು. ಅತ್ತಿಗೆಯ ಸೀರೆಯಂಚು ಕೈಗೆ ಸಿಕ್ಕಿತು. ಅದನ್ನು ಹಿಡಿದುಕೊಂಡು, ತಾನು ಹಾಲಿನಲ್ಲಿ ಎಲ್ಲರೆದುರು ಆಡಿದ್ದನ್ನು ನೆನೆದು ನಾಚಿಕೆಯಿಂದ ಅತ್ತಳು. ಅತ್ತಿಗೆ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಅವಳು ಎದ್ದು ಹೋಗಿ, ಕಳಿಸೋಣ ಎಂದು ಅಣ್ಣನಿಗೆ ಹೇಳಿದಳು.

*

ವಾಹನದ ಹಿಂದಿನ ಕಾರಿನಲ್ಲಿ ಅವಳ ಪಕ್ಕ ಏಣಿ ಕುಳಿತಿದ್ದ, ಮೊಣಕಾಲು ಮುಂದಿನ ಸೀಟಿಗೆ ಒತ್ತಿತ್ತು. ಅವಳು ಫೋನ್ ತೆಗೆದು ಈ ಸಲ ಫೋಟೊಗಳನ್ನು ಬಿಟ್ಟು ಕರೆಗಳ ಪಟ್ಟಿಗೆ ಹೋದಳು. ಪ್ರತಿ ಕರೆಯ ಎದುರು ಅದೆಷ್ಟು ಹೊತ್ತು ನಡೆಯಿತೆಂದು ಇರುತ್ತದೆ. ನಲವತ್ತೊಂದು ಸೆಕೆಂಡು. ಮೂವತ್ತಾರು. ಐವತ್ತೆರಡು. ಇಪ್ಪತ್ತೊಂಬತ್ತು. ಬೆರಳು ಕೆಳಗಿಳಿದಂತೆಲ್ಲ ಒಂದೂ ಕರೆ ನಿಮಿಷ ದಾಟಲಿಲ್ಲ. ಕಳೆದ ತಿಂಗಳ ಒಂದು ದಿನ ಮಾತ್ರ ಹನ್ನೊಂದು ನಿಮಿಷ ಇತ್ತು.

ಅಷ್ಟು ಹೊತ್ತು ಏನು ಮಾತಾಡಿದೆನೆಂದು ಎಷ್ಟು ತಡಕಿದರೂ ನೆನಪಾಗಲಿಲ್ಲ. ಕೊನೆಗೆ ಫೋನನ್ನು ಏಣಿಗೆ ತೋರಿಸಿ, ಆ ದಿನ ನೀವು ಇದ್ದಿರಾ ಎಂದು ಕೇಳಿದಳು. ಅವನು ತಾರೀಕನ್ನು ಕಣ್ಣಿನ ಹತ್ತಿರ ತಂದು ಓದಿದ.

"ಅವತ್ತು ನೀನು ಮಾತು ಮುಗಿಸಿ ಫೋನ್ ಕಟ್ ಮಾಡೋದು ಮರೆತಿದ್ದೆ ಮಗಾ. ಅಲ್ಲೇ ಇಟ್ಟು ಪಾತ್ರೆ ತೊಳೀತಿದ್ದೆ ಅನ್ಸುತ್ತೆ, ಸದ್ದು ಕೇಳ್ತಿತ್ತು. ಅವನು ಕಿವಿಗೆ ಹಿಡ್ಕೊಂಡೇ ಕೂತಿದ್ದ. ನಾನು ಏನೋ ಹೇಳೋಕೆ ಹೋದ್ರೆ, ಶ್ ಅಂತ ಕೈ ಎತ್ತಿದ."