ಬಣ್ಣ ತಾಳಲಿಲ್ಲ

ಫ್ಯಾನಿನ ರೆಕ್ಕೆಯ ಮೇಲೆ ಬರೆಸಿದ ದಾನಿಯ ಹೆಸರು ಅದು ತಿರುಗುವಾಗ ಕಾಣುವುದಿಲ್ಲ, ಕರೆಂಟು ಹೋದಾಗಷ್ಟೇ ಕಾಣುತ್ತದೆ, ಪಾಪ, ಎಂಥ ವಿನಯ — ವೇದಿಕೆಯ ಕೊನೆಯ ಕುರ್ಚಿಯಲ್ಲಿ ಕೂತ ಕೆಮಿಸ್ಟ್ರಿ ಮೇಷ್ಟ್ರು ಕತ್ತೆತ್ತಿ ನೋಡುತ್ತಾರೆ, ಓದುವ ಅಗತ್ಯವೇ ಇಲ್ಲ, ಈ ಸಭಾಂಗಣ ಕಟ್ಟಿಸಿಕೊಟ್ಟವರದೇ ಹೆಸರು, ಊರಾಚೆ ಕಬ್ಬಿಣದ ತಗಡಿನ ಕಾರ್ಖಾನೆ, ತಗಡನ್ನು ಆಸಿಡ್ಡಿನಲ್ಲಿ ಅದ್ದಿ ತುಕ್ಕು ತೆಗೆಯುತ್ತಾರೆ, ತುಕ್ಕು ಹೋಯಿತು ಸರಿ, ಆಸಿಡ್ಡು ಎಲ್ಲಿಗೆ ಹೋಯಿತು ಎಂದು ಕೇಳಬಾರದು, ಕೇಳಿದವಳು ಈಗ ಗೇಟಿನ ಹೊರಗಿದ್ದಾಳೆ, ಮೇಜಿನ ಮೇಲೆ ಗಣ್ಯರಿಗೆಂದು ಸೀಲು ಒಡೆಯದ ನೀರಿನ ಬಾಟಲಿಗಳು, ಎದುರಿಗೆ ಹಾಸ್ಟೆಲಿನ ಮಕ್ಕಳು, ಒಣಗಿದ ತುಟಿ, ಹೊಟ್ಟೆನೋವಿನಿಂದ ಊರಿಗೆ ಹೋದವರ ಖಾಲಿ ಜಾಗ, ಮೈಕಿನ ಮುಂದೆ ಪ್ರಿನ್ಸಿಪಾಲರು, ನಮ್ಮೆಲ್ಲರ ನೆಚ್ಚಿನ ಮೇಷ್ಟ್ರು ಈಗ ನಿಮಗೆ ಕಷ್ಟಕಾಲದಲ್ಲಿ ಎದೆಗುಂದದೇ ಇರೋದು ಹೇಗೆ ಅಂತ ಹೇಳ್ತಾರೆ, ನೆಚ್ಚಿನ, ಹೌದಪ್ಪ, ನಿನ್ನೆ ಚೇಂಬರಿಗೆ ಕರೆಸಿ ಇದೇ ನಗುವಿನಲ್ಲಿ ಹೇಳಿದ್ದು, ಮಕ್ಕಳು ಕುಗ್ಗಿಹೋಗಿದಾರೆ ಮೇಷ್ಟ್ರೇ, ನಾಲ್ಕು ಧೈರ್ಯದ ಮಾತಾಡಿ, ಓಟು ಹಾಕೋದು, ಪ್ರಜೆಗಳ ಜವಾಬ್ದಾರಿ, ಪ್ರಶ್ನೆ ಕೇಳೋ ಮನೋಭಾವ, ಎಲ್ಲಾ ಹಾಕಿ ಕಲಸಿ, ನೀರಿನ ವಿಷಯ ಮಾತ್ರ ಬೇಡ, ಭಾಷಣ ಸುಸೂತ್ರ ಆಗ್ಲಿ, ಆಮೇಲೆ ಆ ಹುಡುಗೀನ ಪರೀಕ್ಷೆಗೆ ಕೂರಿಸೋದು ನೋಡೋಣ, ಸ್ವಲ್ಪ ತಾಳಿ.

ತಾಳಿ — ಆ ಮಾತು ಬಾಯಿಂದ ಬಾಯಿಗೆ ಹೋದರೆ ಎಷ್ಟು ಕೆಡುತ್ತದೆ, ಲ್ಯಾಬಿನಲ್ಲಿ ಅದು ಎಷ್ಟು ಚೊಕ್ಕಟವಾಗಿತ್ತು, ಫ್ಲಾಸ್ಕಿನಲ್ಲಿ ನೀರು, ಬಣ್ಣ ತೋರಿಸಲು ಅದಕ್ಕೆರಡು ತೊಟ್ಟು ಫಿನಾಫ್ತಲೀನ್, ಮೇಲಿನ ಗಾಜಿನ ಕೊಳವೆಯಿಂದ ಕ್ಷಾರ ತೊಟ್ಟು ತೊಟ್ಟಾಗಿ ಬೀಳಬೇಕು, ನಸುಗುಲಾಬಿ ಬಣ್ಣ ಬಂದ ಕೂಡಲೇ ಕುಣೀಬೇಡ್ರೋ, ಅಲ್ಲಾಡ್ಸಿ, ಅರ್ಧ ನಿಮಿಷ ತಾಳಬೇಕು, ತಾಳಿದ್ರೆ ಮುಗೀತು, ತಾಳ್ಲಿಲ್ಲ ಅಂದ್ರೆ ನೀರಲ್ಲಿ ಇನ್ನೂ ಆಸಿಡ್ ಇದೆ, ವರ್ಷವರ್ಷವೂ ಅದನ್ನೇ ಹೇಳಿ ಹೇಳಿ ಹುಡುಗರಿಗೆ ಅದೊಂದು ತಮಾಷೆಯಾಗಿತ್ತು, ಕಾರಿಡಾರಿನಲ್ಲಿ ಯಾರದೋ ಪ್ರೇಮ ಮುರಿದುಬಿದ್ದರೂ ತಾಳ್ತೇನೋ ಎಂದು ಕೂಗುವುದು, ಮತ್ತೆ ಆ ಹುಡುಗಿ, ಎಲ್ಲರ ಬಾಯಲ್ಲಿ ಅರ್ಧಹನಿ, ಒಂದು ತೊಟ್ಟು ಜಾಸ್ತಿಯಾದೀತೆಂದು ಕೊಳವೆಯ ತುದಿಯಲ್ಲಿ ನೇತಾಡುವ ಅರ್ಧ ತೊಟ್ಟನ್ನು ಫ್ಲಾಸ್ಕಿನ ಗೋಡೆಗೆ ತಾಗಿಸಿ ಇಳಿಸಿಕೊಳ್ಳುವವಳು, ಅವಳೇ ಹಾಸ್ಟೆಲಿನ ನಲ್ಲಿಯ ಕೆಳಗೆ ಹಸಿರು ಕಲೆ ಕಂಡು ಒಂದು ಬಾಟಲಿ ನೀರು ಹಿಡಿದು ತಂದದ್ದು, ಸರ್, ಹಿತ್ತಾಳೇನೇ ತಿಂತಿದೆ, ನಮ್ಮ ಕರುಳು ಬಿಡುತ್ತಾ, ಕಿಟಕಿಯ ಬೆಳಕಿಗೆ ಫ್ಲಾಸ್ಕು ಹಿಡಿದ ಆ ಕೈ, ಗುಲಾಬಿ ಬಂತು, ಹೋಯಿತು, ಮತ್ತೆ ಬಂತು, ಹೋಯಿತು, ಕೊಳವೆ ಅರ್ಧ ಖಾಲಿಯಾದರೂ ಹೋಗುತ್ತಲೇ ಇತ್ತು, ಬೆನ್ನ ಹಿಂದೆ ನಿಂತ ಮೇಷ್ಟ್ರು, ಬೇರೆ ಬಾಟಲಿ ತಗೊಂಬಾ, ಇನ್ನೊಂದ್ಸಲ ಮಾಡು ಎಂದಷ್ಟೇ ಹೇಳಿದ್ದು, ಅವಳು ಮತ್ತೆ ಮತ್ತೆ ಮಾಡಿದಳು, ಕೊನೆಗೆ ಸೀಮೆಸುಣ್ಣ ತಗೊಂಡು ಹೋಗಿ ನೀರಿನ ಟ್ಯಾಂಕಿನ ಮೇಲೆ ಇಷ್ಟುದ್ದ ಬರೆದಳು, ಬಣ್ಣ ತಾಳಲಿಲ್ಲ.

ಅದನ್ನು ಓದಿ ಶಿಸ್ತು ಸಮಿತಿ ಕೂತಿತಲ್ಲ, ನಗಬೇಕೋ ಅಳಬೇಕೋ, ಯಾವ ಪಾರ್ಟಿ ಬಣ್ಣ ಇದಮ್ಮ, ನಿಜ ಹೇಳು, ಯಾರು ಬರೆಸಿದ್ದು, ಕಾಲೇಜಿಗೆ ರಾಜಕೀಯ ತರ್ತೀಯಾ, ಅವಳು ಕಣ್ಣು ಕಣ್ಣು ಬಿಟ್ಟು, ಯಾವ ಪಾರ್ಟಿದೂ ಅಲ್ಲ ಸರ್, ಫಿನಾಫ್ತಲೀನ್ ಎಂದಳು, ಅದ್ಯಾರು ಎಂದು ಕೇಳಿದರು ಇತಿಹಾಸದವರು — ದೇವರೇ — ಮೇಷ್ಟ್ರು ಎದ್ದು ಕೊಳವೆ, ತೊಟ್ಟು, ಆಸಿಡ್ಡು ಎಲ್ಲ ಬಿಡಿಸಿ ಹೇಳಿದ್ದರು, ಫ್ಲಾಸ್ಕನ್ನೇ ತಂದು ಮೇಜಿನ ಮೇಲಿಟ್ಟು ತೋರಿಸಿದ್ದರು, ಆ ಕೋಣೆಯಲ್ಲೂ ಗುಲಾಬಿ ಬಂದು ಹೋಗಿತ್ತು, ಎಲ್ಲರೂ ನೋಡಿದ್ದರು, ನೋಡಿಯೂ, ಕೆಮಿಸ್ಟ್ರಿ ಲ್ಯಾಬಲ್ಲಿರ್ಲಿ ಮೇಷ್ಟ್ರೇ, ಇದು ಶಿಸ್ತಿನ ಪ್ರಶ್ನೆ, ತಾಳಿ, ಎಂದು ಹುಡುಗಿಯನ್ನು ಗೇಟಿನಾಚೆ ಹಾಕಿದರು, ಹಾಗಾದರೆ ಈ ಪ್ರಶ್ನೆ ಕೇಳುವ ಮನೋಭಾವ ಎನ್ನುವುದು ಯಾವ ಪ್ರಶ್ನೆಗೆ, ಯಾವ ಕೋಣೆಯಲ್ಲಿ, ಇವತ್ತು ಬೆಳಿಗ್ಗೆ ಹೆಂಡತಿ ಅಂಗಿಯ ಕಾಲರು ಸರಿಮಾಡುತ್ತ, ರೀ, ಸ್ನಾನದ ಮನೇಲಿ ಬೈಯೋ ಹಾಗೇ ಅಲ್ಲೂ ಮಾತಾಡಿದ್ರೆ ಆಗಿತ್ತು, ಬರೀ ನಲ್ಲಿಗೇ ಕೇಳಿಸ್ತೀರಲ್ಲ, ಆಮೇಲೆ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯ ಮೆಟ್ಟಿಲಲ್ಲಿ ಅವಳು, ಅರ್ಧಹನಿ, ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಒಳಗೆ ಬಿಡದ ಕಾಲೇಜಿನ ಪರೀಕ್ಷೆಗೆ ಓದುತ್ತ, ಎದ್ದು ನಿಂತಳು, ಏನಮ್ಮಾ, ತಿಂಡಿ ಆಯ್ತಾ ಎಂದರೆ, ಆಯ್ತು ಸರ್, ಭಾಷಣ ಮಾಡ್ತೀರಂತೆ, ನನ್ನ ಹೆಸ್ರು ಹೇಳ್ಬೇಡಿ ಸರ್, ರೀಡಿಂಗ್ ಹೇಳಿ, ಕೊಳವೆ ಎಷ್ಟು ಇಳೀತು ಅನ್ನೋ ಲೆಕ್ಕ, ಬೇಡಮ್ಮಾ, ನಿನ್ನ ಪರೀಕ್ಷೆ ಅವರ ಕೈಲಿದೆ, ಗೊತ್ತು ಸರ್, ಅವ್ರ ಹೊಟ್ಟೆ ಸರಿಯಿದೆಯಲ್ಲ, ನಮ್ಮ ರೂಮಲ್ಲಿ ಇಬ್ರು ಇನ್ನೂ ಮಲಗಿದಾರೆ.

ಚಪ್ಪಾಳೆ, ಅಂದರೆ ಕರೆದರು, ಎದ್ದರು, ಮೈಕು ಕುತ್ತಿಗೆ ಬಗ್ಗಿಸಿ ಕುಂಯ್ ಎಂದಿತು, ಮಕ್ಕಳೇ — ಏನು ಮಕ್ಕಳೇ, ಎದೆಗುಂದಬೇಡಿ ಎಂದು ಯಾವ ಮುಖದಿಂದ, ಇವರ ಎದೆ ಗಟ್ಟಿಯೇ ಇದೆ, ಕೆಟ್ಟದ್ದು ಹೊಟ್ಟೆ — ಮಕ್ಕಳೇ, ಕಾಲ ಕಷ್ಟದ್ದು, ಓದು ಬಿಡಬೇಡಿ, ನಾಳೆ ಈ ಊರು ನಡೆಸುವವರು ನೀವು, ಮಾತು ತಾನೇ ತಾನಾಗಿ ಉರುಳುತ್ತಿದೆ, ಎಷ್ಟು ಸಲೀಸು, ಪ್ರಿನ್ಸಿಪಾಲರು ತಲೆದೂಗುತ್ತಿದ್ದಾರೆ, ಒಂದು ತಲೆದೂಗಿಗೆ ಒಂದು ಪೇಪರು, ಹೀಗೇ ಇನ್ನು ನಾಲ್ಕು ಮಾತು ಉರುಳಿದರೆ ಹುಡುಗಿ ಪರೀಕ್ಷೆ ಬರೆಯುತ್ತಾಳೆ, ಆದ್ದರಿಂದ ತಾಳಿ ಮಕ್ಕಳೇ, ತಾಳಿ — ಹಿಂದಿನ ಸಾಲಿನಿಂದ, ಲ್ಯಾಬಿನ ಹುಡುಗರ ಗುಂಪಿನಿಂದ, ಯಾವುದೋ ಒಡೆದ ಗಂಟಲು, ತಾಳ್ತಾ ಸರ್?

ನಗು, ಸಣ್ಣದು, ಎದ್ದಲ್ಲೇ ಬಿತ್ತು, ಪ್ರಿನ್ಸಿಪಾಲರೂ ಅರ್ಥವಾಗದೆ ನಕ್ಕರು, ಈಗ ಯಾರೂ ನಗುತ್ತಿಲ್ಲ, ಅಷ್ಟೂ ಮುಖ ಇತ್ತ ತಿರುಗಿ ಕಾಯುತ್ತಿವೆ, ಲ್ಯಾಬಿನಲ್ಲಿ ಈ ಪ್ರಶ್ನೆಗೆ ಇಷ್ಟು ವರ್ಷ ಒಮ್ಮೆಯೂ ಸುಳ್ಳು ಹೇಳಿದ್ದಿಲ್ಲ, ಇಲ್ಲ, ಎಂದಿತು ಮೈಕು, ಅದು ತನ್ನದೇ ದನಿ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು, ಇಲ್ಲ ಕಣ್ರೋ, ತಾಳಲಿಲ್ಲ, ಹಾಸ್ಟೆಲಿನ ನೀರು, ಮಾಡಿದಷ್ಟು ಸಲವೂ — ಬೆನ್ನ ಹಿಂದೆ ಕುರ್ಚಿ ಸರಿದ ಸದ್ದು, ತಾಳಿ ಮೇಷ್ಟ್ರೇ, ಕೋಟಿನ ತುದಿಗೆ ಯಾರದೋ ಕೈ, ರೀಡಿಂಗು ನಾಲಿಗೆಯ ಮೇಲಿದೆ, ಹೇಳಿದರೆ ಅವಳ ವರ್ಷ ಹೋಯಿತು, ಮೆಟ್ಟಿಲ ಮೇಲಿನ ಪುಸ್ತಕ, ಮಲಗಿರುವ ಇಬ್ಬರು, ಹೇಳು, ಹೇಳಬೇಡ, ಕಿಟಕಿಯ ಬೆಳಕು, ಎತ್ತಿ ಹಿಡಿದ ಅವಳ ಕೈ, ಫ್ಲಾಸ್ಕಿನ ತಳದಲ್ಲಿ ನಸುಗುಲಾಬಿ, ಇದೆ, ಇನ್ನೂ ಇದೆ, ಅಂಚಿನಿಂದ ಬಿಳಿಚುತ್ತ, ಗುಲಾಬಿ —